ಗುಡ್ಡೆ ಅಂದರೆ ಗುಡಘೆ ಅಲ್ಲ

ನಮ್ಮಪ್ಪನಿಗೆ ಸುರಂಗ ಅಂದರೆ ಆಗುತ್ತಿರಲಿಲ್ಲ. ಡೊಂಬಿವಲಿಯಿಂದ ಥಾಣೆಗೆ ಹೋಗುವ ಫಾಸ್ಟ್ ಲೋಕಲ್ ಆಗೆಲ್ಲ ಮುಂಬ್ರಾದ ಗುಡ್ಡದೊಳಗಿನ ಸುರಂಗಕ್ಕೆ ನುಗ್ಗಿ ಆಚೆ ಹೊರಬೀಳುತ್ತಿತ್ತು. ಸ್ಲೋ ಲೋಕಲ್ ಮಾತ್ರ ಗುಡ್ಡವನ್ನು ಬಳಸಿಕೊಂಡು, ಖಾಡಿಯ, ಅಂದರೆ ಸಮುದ್ರದ ಹಿನ್ನೀರಿನ ಪಕ್ಕದಲ್ಲಿ ನಿಂತು ನಿಂತು ಹೋಗುತ್ತಿತ್ತು. ಊರಿಗೆ ಊರೇ ಫಾಸ್ಟ್ ಹಿಡಿಯಲು ಮೈಕೈ ಮುರಿದುಕೊಳ್ಳುವಾಗ ಅಪ್ಪ ಸ್ಲೋ ಗಾಡಿಗೆ ಕಾಯುತ್ತ ನಿಲ್ಲುತ್ತಿದ್ದರು. ಹತ್ತು ನಿಮಿಷ ಉಳಿಸುವುದಕ್ಕೆ ಯಾರಾದರೂ ಗುಡ್ಡವನ್ನು ಬಿಟ್ಟುಕೊಡುತ್ತಾರಾ ಅನ್ನುವುದು ಅವರ ವಾದ. ಹೋಗುವಾಗ ಎಡಬಾಗಿಲಲ್ಲಿ, ಬರುವಾಗ ಬಲಬಾಗಿಲಲ್ಲಿ ನಿಂತು ಗುಡ್ಡ ನೋಡುವುದು, ಸೀಟು ಖಾಲಿ ಇದ್ದರೂ ಅಷ್ಟೇ.

"ಇವರಿಗೆ ಹೆಂಡತಿಯ ಮುಖ ನೋಡ್ಲಿಕ್ಕೆ ಪುರುಸೊತ್ತಿಲ್ಲ. ಗುಡ್ಡೆಯ ಮುಖ ಮಾತ್ರ ದಿನಕ್ಕೆ ಎರಡು ಸಲ ನೋಡ್ಬೇಕು" ಎಂದು ಅಮ್ಮ ಗೊಣಗುತ್ತಿದ್ದಳು. ನಮ್ಮ ಮನೆಯಲ್ಲಿ ಅರ್ಧ ತುಳು, ಅರ್ಧ ಕನ್ನಡ. ಎರಡರಲ್ಲೂ ಗುಡ್ಡಕ್ಕೆ ನಾವು ಹೇಳುವುದು ಗುಡ್ಡೆ ಎಂದೇ. ಈ ಮಾತು ನೆನಪಿರಲಿ, ಮುಂದೆ ನನ್ನ ಮರ್ಯಾದೆ ತೆಗೆದದ್ದು ಇದೇ ಶಬ್ದ.

ಅಪ್ಪ ಕೋಪರಿಯಲ್ಲಿ, ಥಾಣೆ ಸ್ಟೇಶನ್ನಿನ ಪೂರ್ವ ಬದಿಯ ಒಂದು ಉಡುಪಿ ಹೋಟೆಲಿನಲ್ಲಿ, ದೋಸೆ ಕಾವಲಿಯ ಎದುರು ಮೂವತ್ತು ವರ್ಷಕ್ಕೂ ಮೇಲೆ ನಿಂತವರು. ನಿಂತವರು ಅಂದರೆ ನಿಂತವರೇ. ಬೆಳಿಗ್ಗೆ ಆರಕ್ಕೆ ಕಾವಲಿ ಕಾಯಿಸಿದರೆ ಮಧ್ಯಾಹ್ನ ಮೂರರವರೆಗೆ ಕೂರುವ ಮಾತಿಲ್ಲ. ಎಡಗೈಯಿಂದ ನೀರು ಚಿಮುಕಿಸಿ, ಬಲಗೈಯ ಹಿಡಿಸೂಡಿಯಿಂದ ಕಾವಲಿ ಗುಡಿಸಿ, ಹಿಟ್ಟು ಹೊಯ್ದು ತಿರುಗಿಸಿದರೆ ಒಟ್ಟಿಗೆ ಎಂಟು ದೋಸೆ. ಬೇಸಿಗೆಯಲ್ಲಿ ಅವರ ಬನಿಯನ್ ಹಿಂಡಿದರೆ ಲೋಟ ತುಂಬುತ್ತಿತ್ತು ಎಂದು ಅಮ್ಮ ಹೇಳುತ್ತಾಳೆ. ನಾನು ನಂಬುತ್ತೇನೆ, ಯಾಕೆಂದರೆ ಒಗೆಯುತ್ತಿದ್ದವಳು ಅವಳೇ. ಜ್ವರ ಬಂದರೂ ಗುಳಿಗೆ ನುಂಗಿ ಹೊರಡುತ್ತಿದ್ದರು. ಆ ದುಡಿಮೆಯಲ್ಲೇ ಡೊಂಬಿವಲಿಯಲ್ಲಿ ಮೂರನೇ ಮಾಳಿಗೆಯ ಪುಟ್ಟ ಮನೆ ಆಯಿತು, ಒಬ್ಬಳೇ ಮಗಳಾದ ನನ್ನ ಬಿ.ಕಾಂ. ಆಯಿತು, ಎರಡು ಗಲ್ಲಿ ಆಚೆಗೆ ಮದುವೆಯೂ ಆಯಿತು. ಮಹಾಪೆಯಲ್ಲಿ ಎ.ಸಿ. ಇರುವ ಆಫೀಸಿನಲ್ಲಿ ನನಗೊಂದು ಕುರ್ಚಿ ಸಿಕ್ಕಾಗ ಅದನ್ನು ನೋಡಲೆಂದೇ ಒಮ್ಮೆ ಬಂದಿದ್ದರು. ಕೂತು ಒಂದು ಸುತ್ತು ತಿರುಗಿ, "ಒಳ್ಳೆದುಂಟು ಮಗಾ. ಆದ್ರೆ ಈ ಕಿಟಕಿ ತೆಗಿಲಿಕ್ಕೆ ಆಗುದಿಲ್ವಾ?" ಎಂದು ಎಲ್ಲರ ಎದುರು ಕೇಳಿದರು.

ಹೋಟೆಲಿಗೆ ರಜೆ ಮಂಗಳವಾರ. ಆ ಒಂದು ದಿನ ಬೇರೆ ಗಂಡಸರು ಹೊದ್ದು ಮಲಗುತ್ತಿದ್ದರು. ಅಪ್ಪ ಹಸಿರು ಕ್ಯಾನ್ವಾಸ್ ಶೂ ಹಾಕಿಕೊಂಡು ಮುಂಬ್ರಾಕ್ಕೆ ಹೊರಡುತ್ತಿದ್ದರು. ಸ್ಟೇಶನ್ನಿನ ಮೇಲೆಯೇ ಗುಡ್ಡ, ಗುಡ್ಡದ ಮೇಲೆ ದೇವಿಯ ಗುಡಿ, ಗುಡಿಯವರೆಗೆ ಮೆಟ್ಟಿಲು. ಅಲ್ಲಿಂದ ಮೇಲೆ ಕಲ್ಲು ಪೊದೆಗಳ ನಡುವೆ ಕಾಲುದಾರಿ. ಆ ದಾರಿಯ ಕೊನೆಯಲ್ಲಿ ಒಂದು ಚಪ್ಪಟೆ ಬಂಡೆ, ನಮ್ಮ ಬಂಡೆ. ಅದರ ಮೇಲೆ ನಿಂತರೆ ಕೆಳಗೆ ಖಾಡಿ, ಆಟಿಕೆಯಷ್ಟು ಸಣ್ಣ ಲೋಕಲ್‌ಗಳು, ದೂರದಲ್ಲಿ ನಮ್ಮ ಡೊಂಬಿವಲಿಯ ಕಟ್ಟಡಗಳು. ಅಪ್ಪ ಅಂಗಿಯ ಗುಂಡಿ ಬಿಚ್ಚಿ, ಎರಡೂ ಕೈ ಅಗಲಿಸಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ವಾರವಿಡೀ ಕಾವಲಿಯ ಝಳ ಕುಡಿದ ಮೈಗೆ ಗಾಳಿ ತಾಗಲಿ ಎಂದು.

ತಿಂಗಳಿಗೊಂದು ಮಂಗಳವಾರ ನನ್ನನ್ನೂ ಕರೆದೊಯ್ಯುತ್ತಿದ್ದರು. ಶಾಲೆ? ಶಾಲೆಗೆ ಹೊಟ್ಟೆನೋವಿನ ಚೀಟಿ. ಅಮ್ಮ ಹಣೆ ಚಚ್ಚಿಕೊಳ್ಳುತ್ತಿದ್ದಳು, ಆದರೆ ಡಬ್ಬಿಗೆ ಚಿತ್ರಾನ್ನ ತುಂಬಿಸಿಯೂ ಕೊಡುತ್ತಿದ್ದಳು. ಐದನೇ ಕ್ಲಾಸಿನಲ್ಲಿ ಟೀಚರ್ ಅಪ್ಪನನ್ನು ಕರೆಸಿ, ಈ ಹುಡುಗಿಯ ಹೊಟ್ಟೆ ಮಂಗಳವಾರವೇ ಯಾಕೆ ನೋಯುತ್ತದೆ ಎಂದು ಕೇಳಿದರು. ಅಪ್ಪನಿಗೆ ಸುಳ್ಳು ಬರೆಯಲು ಬರುತ್ತಿತ್ತು, ಹೇಳಲು ಬರುತ್ತಿರಲಿಲ್ಲ. ತಮ್ಮ ಹೋಟೆಲ್ ಮರಾಠಿಯಲ್ಲಿ, "ಅವತ್ತೇ ಅಲ್ವಾ ನನಗೆ ರಜೆ ಇರುದು?" ಎಂದುಬಿಟ್ಟರು. ಟೀಚರ್ ನಕ್ಕರು. ನಾನು ಭೂಮಿಗಿಳಿದು ಹೋದೆ. ಚೀಟಿಗಳು ಮಾತ್ರ ಮುಂದುವರಿದವು.

ಮೆಟ್ಟಿಲು ಹತ್ತುವಾಗ ಅವರದೊಂದು ಕಾನೂನು ಇತ್ತು. ಎಣಿಸಬಾರದು. ನಾನು ಒಂದು, ಎರಡು ಅಂತ ಶುರು ಮಾಡಿದರೆ ಗದರುತ್ತಿದ್ದರು. "ಎಣಿಸ್ಬೇಡ ಮಾರಾಯ್ತಿ. ಎಣಿಸಿದ್ರೆ ಕಾಲಿಗೆ ಕೇಳ್ತದೆ. ಇಷ್ಟು ಉಂಟಾ ಅಂತ ಅದು ಹೆದರ್ತದೆ." ನಾನು ಬಾಯಿ ಮುಚ್ಚಿ ಹತ್ತುತ್ತಿದ್ದೆ.

ನಿವೃತ್ತಿಯಾದ ಮೇಲೂ ಅವರ ಮಂಗಳವಾರ ತಪ್ಪಲಿಲ್ಲ. ಜೊತೆಗೆ ನನ್ನ ಬದಲು ನನ್ನ ಮಗಳು. ಅವಳು ಇಲ್ಲೇ ಹುಟ್ಟಿದವಳು. ಕನ್ನಡ ಎಲ್ಲ ತಿಳಿಯುತ್ತದೆ, ಬಾಯಿ ಬಿಟ್ಟರೆ ಮರಾಠಿ. "ಅಜ್ಜಾ" ಅನ್ನುವುದೊಂದೇ ನಮ್ಮ ಮಾತು, ಆಮೇಲಿನದೆಲ್ಲ ಈ ಊರಿನ ಮಾತು. ಅಪ್ಪ ಕನ್ನಡದಲ್ಲಿ ಕೇಳುವುದು, ಇವಳು ಮರಾಠಿಯಲ್ಲಿ ಉತ್ತರಿಸುವುದು, ಇಬ್ಬರಿಗೂ ಅದರಲ್ಲಿ ವಿಚಿತ್ರವೇನೂ ಕಾಣುತ್ತಿರಲಿಲ್ಲ. ರಜೆಯ ಮಂಗಳವಾರಗಳಲ್ಲಿ ಅಜ್ಜ, ಮೊಮ್ಮಗಳು ಕರಂಡೆ ಹಣ್ಣು ತಿಂದು ನಾಲಿಗೆ ನೇರಳೆ ಮಾಡಿಕೊಂಡು ಬರುತ್ತಿದ್ದರು.

ಅವಳಿಗೆ ಹದಿಮೂರು ತುಂಬಿದ ವರ್ಷ, ಒಂದು ಬೆಳಿಗ್ಗೆ ತರಕಾರಿ ಮಾರ್ಕೆಟಿನಲ್ಲಿ ಬೆಂಡೆಕಾಯಿ ಮುರಿದು ನೋಡುತ್ತಿದ್ದಾಗ ಅಪ್ಪನ ಬಲಗೈ ಬಿದ್ದುಹೋಯಿತು. ಆಮೇಲೆ ಬಲಗಾಲು, ಆಮೇಲೆ ಮಾತು. ಕಲ್ಯಾಣದ ಆಸ್ಪತ್ರೆಯಲ್ಲಿ ಹದಿನಾಲ್ಕು ದಿನ. ಜೀವ ಉಳಿಯಿತು. ನಡೆಯುತ್ತಾರಾ ಎಂದು ಕೇಳಿದ್ದಕ್ಕೆ ಡಾಕ್ಟರು, ಮನೆಯೊಳಗೆ ಕೋಲು ಹಿಡಿದು ಓಡಾಡಿದರೆ ಅದೇ ದೊಡ್ಡದು ಎಂದರು. ಲಿಫ್ಟ್ ಇಲ್ಲದ ಅಪ್ಪನ ಕಟ್ಟಡದಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂರಿಸಿ ಇಬ್ಬರು ಸೇರಿ ಅವರನ್ನು ಮೂರು ಮಾಳಿಗೆ ಹೊತ್ತು ತಂದರು. ಜೀವಮಾನವಿಡೀ ನಿಂತಿದ್ದ ಮನುಷ್ಯ ಗೋಡೆ ಕಡೆ ಮುಖ ಮಾಡಿ ಮಲಗಿದರು.

ಇಲ್ಲಿ ನನ್ನ ತಪ್ಪು ಹೇಳಬೇಕು. ನನಗೆ ಮೊದಲಿನಿಂದಲೂ ಒಂದು ದುರ್ಬುದ್ಧಿ, ಕಷ್ಟ ಬಂದರೆ ಮನೆ ಸ್ವಚ್ಛ ಮಾಡಲು ಹೊರಡುತ್ತೇನೆ. ಅವರ ಮಂಚದ ಕೆಳಗೆ ಕೈ ಹಾಕಿದಾಗ ಆ ಹಸಿರು ಶೂ ಸಿಕ್ಕಿತು. ತಳಕ್ಕೆ ಎರಡು ಸಲ ಹೊಸ ರಬ್ಬರ್ ಹಾಕಿಸಿದ ಶೂ. ಇನ್ನು ಇದು ಯಾಕೆ ಎಂದುಕೊಂಡೆ. ಹಳೇ ಬಟ್ಟೆಗೆ ಪಾತ್ರೆ ಕೊಡುವ ಹೆಂಗಸು ಕೆಳಗೆ ಕೂಗುತ್ತಿದ್ದಳು. ಎರಡು ಪ್ಯಾಂಟು, ನಾಲ್ಕು ಸೀರೆಯ ಜೊತೆ ಶೂವನ್ನೂ ಅವಳ ಬುಟ್ಟಿಗೆ ಹಾಕಿ ಒಂದು ಸ್ಟೀಲ್ ಡಬ್ಬಿ ತೆಗೆದುಕೊಂಡೆ. ಅಷ್ಟು ಸುಲಭವಾಗಿ. ಅವರು ಇನ್ನು ಗುಡ್ಡ ಹತ್ತುವುದಿಲ್ಲ ಎಂದು ಡಾಕ್ಟರು ಕೂಡ ಹೇಳಿರಲಿಲ್ಲ. ಹೇಳಿದವಳು ನಾನು.

ಮಾತು ಒಂದೊಂದಾಗಿ ವಾಪಸು ಬರತೊಡಗಿತು. ಮೊದಲು "ನೀರು". ಆಮೇಲೆ "ಸಾಕು". ಮೂರನೆಯದು ವ್ಯಾಯಾಮದ ಹೊತ್ತಿನಲ್ಲಿ ಬಂತು. ಮನೆಗೆ ಬರುತ್ತಿದ್ದ ಫಿಜಿಯೋಥೆರಪಿಸ್ಟ್ ಒಬ್ಬಳು ಮರಾಠಿ ಹುಡುಗಿ, ಬಂಗಾರದಂಥ ಸ್ವಭಾವ. ನಿಮಗೆ ಏನು ಬೇಕು ಆಜೋಬಾ ಎಂದು ಕೇಳಿದಳಂತೆ. ಅಪ್ಪ ಸೊಟ್ಟ ಬಾಯಿಯಿಂದ, ಉಸಿರು ಒಗ್ಗೂಡಿಸಿ, "ಗು... ಡ್ಡೆ" ಎಂದರಂತೆ.

ಮರಾಠಿಯಲ್ಲಿ ಗುಡಘೆ ಅಂದರೆ ಮಂಡಿ.

"ಗುಡಘೆ ದುಖತಾತ್ ಕಾ, ಆಜೋಬಾ?" ಮಂಡಿ ನೋಯುತ್ತದಾ ಅಜ್ಜ ಎಂದು ಮರುಗಿ, ಆ ಹುಡುಗಿ ಎರಡೂ ಮಂಡಿಗೆ ಬಿಸಿ ಶಾಖ ಕೊಟ್ಟಳು. ಅಪ್ಪ ತಲೆ ಅಲ್ಲಾಡಿಸಿ ಮತ್ತೆ "ಗುಡ್ಡೆ" ಎಂದರು. ಪಾಪ, ತುಂಬಾ ನೋವು ಎಂದು ಅವಳು ಇನ್ನೂ ಹತ್ತು ನಿಮಿಷ ಶಾಖ ಕೊಟ್ಟಳು. ನನಗೂ ಫೋನು ಮಾಡಿ ಹೇಳಿದಳು. ನಾನು ಏನು ಮಾಡಿದೆ? ಹುಟ್ಟಿದಾಗಿನಿಂದ ಗುಡ್ಡೆ ಎಂಬ ಶಬ್ದ ಕೇಳಿ ಬೆಳೆದ ನಾನು, ಅವಳ ಮಾತು ನಂಬಿ ಉಲ್ಹಾಸನಗರಕ್ಕೆ ಹೋಗಿ ಮಂಡಿಗೆ ಹಾಕುವ ಪಟ್ಟಿ ತಂದೆ, ಎಣ್ಣೆ ತಂದೆ. ಸಂಜೆ ಆಫೀಸಿನಿಂದ ಬಂದು ನಾನೇ ಕೂತು ತಿಕ್ಕಿದೆ. ಅಪ್ಪ "ಗುಡ್ಡೆ, ಗುಡ್ಡೆ" ಎಂದು ಎಡಗೈಯಿಂದ ಎಣ್ಣೆ ಬಾಟಲಿ ತಳ್ಳಿದರೆ ನಾನು ರೇಗಿದೆ. "ನೋವು ಅಂತ ನೀವೇ ಹೇಳ್ತೀರಿ, ತಿಕ್ಕಿದ್ರೆ ಬೇಡ ಅಂತೀರಿ. ನಾನೆಂತ ಮಾಡ್ಬೇಕು ಹೇಳಿ!" ಅವರ ಕಣ್ಣಿಂದ ನೀರು ಇಳಿಯಿತು. ಅದನ್ನೂ ನೋವು ಎಂದೇ ತಿಳಿದುಕೊಂಡೆ. ಮೂರು ವಾರ ಹೀಗೇ ನಡೆಯಿತು. ಅಮ್ಮನಿಗೆ ಕಿವಿ ಮಂದ, ಅವಳೂ ಹಿಡಿಯಲಿಲ್ಲ. ಅಪ್ಪ ಕೊನೆಗೆ ಮಾತಾಡುವುದನ್ನೇ ನಿಲ್ಲಿಸಿದರು. ಕಾಲನ್ನೂ ಅಲ್ಲಾಡಿಸುತ್ತಿರಲಿಲ್ಲ.

ಆಮೇಲೆ ತಪಾಸಣೆಗೆ ಥಾಣೆಗೆ ಹೋಗಬೇಕಾಯಿತು. ರಸ್ತೆ ಮೇಲೆ ಹೋದರೆ ಶೀಲ್ ಫಾಟಾದ ಟ್ರಾಫಿಕ್ಕಿನಲ್ಲಿ ಅರ್ಧ ದಿನ ಹೋಗುತ್ತದೆ ಎಂದು ಲೋಕಲ್‌ನಲ್ಲೇ, ಸ್ಲೋ ಗಾಡಿಯ ಅಂಗವಿಕಲರ ಬೋಗಿಯಲ್ಲಿ ಕರೆದೊಯ್ದೆವು. ಮತ್ತೆ ಅದೇ ಪ್ಲಾಸ್ಟಿಕ್ ಕುರ್ಚಿಯಲ್ಲಿ ಮೂರು ಮಾಳಿಗೆ ಇಳಿಸಿದ್ದಾಯಿತು. ನಾನು, ಮಗಳು, ನಡುವೆ ಅಪ್ಪ. ದಿವಾ ಸ್ಟೇಶನ್ ದಾಟಿತು. ತಲೆ ತಗ್ಗಿಸಿ ಕೂತಿದ್ದ ಅಪ್ಪ ನೆಟ್ಟಗಾದರು. ಕಿಟಕಿಯ ಸರಳಿಗೆ ಹಣೆ ಒತ್ತಿ, ಎಡಗೈಯನ್ನು ಹೊರಗೆ ಚಾಚಿ, ಬೋಗಿಗೆಲ್ಲ ಕೇಳುವ ಹಾಗೆ ಕೂಗಿದರು.

"ಗುಡ್ಡೆ!"

ಮುಂಬ್ರಾದ ಗುಡ್ಡ ಎದುರಿಗೆ ನಿಂತಿತ್ತು. ನನ್ನ ಮಗಳು ಗುಡ್ಡ ನೋಡಿದಳು, ನನ್ನನ್ನು ನೋಡಿದಳು. ಅಯ್ಯೋ ದೇವರೇ. ನನಗೆ ನಗು ಬಂತು, ನಗು ಮುಗಿಯುವ ಮೊದಲೇ ಅಳು ಬಂತು. ಮೂರು ವಾರ ಆ ಮನುಷ್ಯ ಒಂದೇ ಒಂದು ಕೇಳಿದ್ದರು. ನಾನು ಅದಕ್ಕೆ ಎಣ್ಣೆ ಹಚ್ಚಿದ್ದೆ. "ಅಪ್ಪಾ, ಗುಡ್ಡೆಗೆ ಹೋಗ್ಬೇಕಾ ನಿಮಗೆ?" ಎಂದೆ. ಅವರು ನನ್ನ ಮುಖ ನೋಡಿ, ಕಡೆಗೂ ಇವಳಿಗೆ ಬುದ್ಧಿ ಬಂತಲ್ಲ ಅನ್ನುವ ಹಾಗೆ ಉಸಿರು ಬಿಟ್ಟರು.

ಅರ್ಥವಾಯಿತು ಎಂದ ಮಾತ್ರಕ್ಕೆ ನಾನು ಒಪ್ಪಲಿಲ್ಲ. ಬಿದ್ದರೆ? ಮೆಟ್ಟಿಲ ಮೇಲೆ ಇನ್ನೊಂದು ಸಲ ಏನಾದರೂ ಆದರೆ? ಮನೆಗೆ ಬಂದ ಮೇಲೆ ಸಾಧ್ಯವೇ ಇಲ್ಲ ಎಂದು ಕಡ್ಡಿ ಮುರಿದ ಹಾಗೆ ಹೇಳಿದೆ. ಮರುದಿನ ಬೆಳಿಗ್ಗೆ ಅಪ್ಪ ಕೋಲು ಹಿಡಿದು ಬಾಗಿಲಿಗೆ ಹೋಗಿ, ಕಟ್ಟಡದ ಮೆಟ್ಟಿಲಲ್ಲಿ ಒಂದು ಇಳಿದರು, ಒಂದು ಹತ್ತಿದರು. ಅಷ್ಟಕ್ಕೇ ಬೆವರಿ ಕೂತರು. ನಾಲ್ಕನೇ ದಿನ ಮೂರು ಮೆಟ್ಟಿಲು. ತಿಂಗಳಲ್ಲಿ ಒಂದು ಮಾಳಿಗೆ. ಆ ಫಿಜಿಯೋ ಹುಡುಗಿಗೆ ವಿಷಯ ತಿಳಿಸಿದಾಗ ಅವಳು ನಾಲಿಗೆ ಕಚ್ಚಿಕೊಂಡಳು, ಆಮೇಲೆ ಶಾಖದ ಚೀಲ ಬದಿಗಿಟ್ಟು ಬಲಗಾಲನ್ನು ಎತ್ತಿ ಇಡುವುದನ್ನೇ ದಿನಾ ಅರ್ಧ ತಾಸು ಮಾಡಿಸಿದಳು. ಹಾಲಿನವನು, ಪೇಪರಿನವನು, ಎರಡನೇ ಮಾಳಿಗೆಯ ಮರಾಠಿ ಹೆಂಗಸು, ಎಲ್ಲರೂ ಮೆಟ್ಟಿಲಲ್ಲಿ ಅಪ್ಪನಿಗೆ ದಾರಿ ಬಿಟ್ಟು ಗೋಡೆಗೆ ಅಂಟಿ ನಿಲ್ಲುವುದನ್ನು ರೂಢಿ ಮಾಡಿಕೊಂಡರು. ಜ್ವರ ಬಂದರೂ ಕಾವಲಿ ಕಾಯಿಸಲು ಹೋದ ಮನುಷ್ಯ, ಇದಕ್ಕೆ ಒಂದು ದಿನ ರಜೆ ಹಾಕುತ್ತಾರಾ?

ಮಳೆ ಮುಗಿದು ಥಂಡಿ ಶುರುವಾಗುವ ಹೊತ್ತಿಗೆ ಮೂರು ಮಾಳಿಗೆ ಇಳಿದು ಮೂರು ಮಾಳಿಗೆ ಹತ್ತಿದರು. ಹತ್ತಿ ಬಂದು ಮಂಚದ ಮೇಲೆ ಕೂತು, ಕೆಳಗೆ ಬಗ್ಗಿ ಕೋಲಿನಿಂದ ತಡಕಿದರು. "ಶೂ?" ಎಂದರು.

ನಾನು ಅಡುಗೆಮನೆಗೆ ಹೋಗಿ ಸುಮ್ಮನೆ ನಲ್ಲಿ ಬಿಟ್ಟೆ. ಎಷ್ಟು ಹೊತ್ತು ಬಿಡುವುದು? ವಾಪಸು ಬಂದು ಹೇಳಿದೆ. ಮಾರಿದೆ ಅಪ್ಪ, ಡಬ್ಬಿಗೆ. ಅವರು ಬೈದಿದ್ದರೆ ಚೆನ್ನಾಗಿತ್ತು. ಎಡಗೈ ಚಾಚಿದರು.

"ಡಬ್ಬಿ... ತಾ."

ತಂದುಕೊಟ್ಟೆ. ಎಡಗೈಯಲ್ಲಿ ಹಿಡಿದು ತಿರುಗಿಸಿ, ಬೆಳಕಿಗೆ ಎತ್ತಿ ತಳ ನೋಡಿ, ಮುಚ್ಚಳ ಒತ್ತಿ ನೋಡಿದರು. "ತೂತು ಇಲ್ಲ. ಒಳ್ಳೆ ವ್ಯಾಪಾರ" ಎಂದರು, ಒಂದೊಂದೇ ಶಬ್ದ. ನಾನು ಅವರ ಕಾಲ ಬಳಿ ಕೂತು ಹೋ ಎಂದು ಅತ್ತೆ. ತಲೆಯ ಮೇಲೆ ಕೈ ಇಟ್ಟು, "ಶೂ ಗುಡ್ಡೆಗೆ ಬರ್ಲಿಕ್ಕಿಲ್ಲ. ಡಬ್ಬಿಯಾದ್ರೂ ಬರ್ಲಿ" ಎಂದರು. ಆ ಸಂಜೆಯೇ ಸ್ಟೇಶನ್ ರೋಡಿಗೆ ಹೋಗಿ ಹೊಸ ಶೂ ತಂದೆ. ಹಸಿರು ಸಿಗಲಿಲ್ಲ, ನೀಲಿ.

ಮಂಗಳವಾರವೇ ಹೋದೆವು. ಆ ಡಬ್ಬಿಯಲ್ಲಿ ಅಮ್ಮನ ಚಿತ್ರಾನ್ನ. ಮಗಳ ಶಾಲೆಗೆ ಹೊಟ್ಟೆನೋವಿನ ಚೀಟಿ ಬರೆದವಳು ನಾನೇ. ಅಮ್ಮ ಬಾಗಿಲಲ್ಲಿ ನಿಂತು, "ಇವಳಿಗೂ ತಲೆ ಕೆಟ್ಟಿತು" ಎಂದಳು.

ಮುಂಬ್ರಾದ ಮೆಟ್ಟಿಲ ಬುಡದಲ್ಲಿ ಅಪ್ಪ ಒಮ್ಮೆ ಮೇಲೆ ನೋಡಿ ಕೋಲು ಊರಿದರು. ಎಡಗಾಲು ಮೇಲಿಟ್ಟು, ಬಲಗಾಲನ್ನು ಎಳೆದು ಪಕ್ಕಕ್ಕೆ ತರುವುದು. ಒಂದು ಕಡೆ ಮೊಮ್ಮಗಳು, ಹಿಂದೆ ನಾನು, ಬಿದ್ದರೆ ಹಿಡಿಯಬೇಕೆಂದು ಎರಡೂ ಕೈ ಚಾಚಿಕೊಂಡು. ಪೂಜೆಗೆ ಹೋಗುವವರು ನಮ್ಮನ್ನು ದಾಟಿ ಹೋದರು, ಪೂಜೆ ಮುಗಿಸಿ ಇಳಿದೂ ಬಂದರು. ನಾವು ಇನ್ನೂ ಅರ್ಧದಲ್ಲಿದ್ದೆವು. ಅಲ್ಲಿ ಅವರ ಬಲಗಾಲು ಗಡಗಡ ನಡುಗತೊಡಗಿತು. ಮುಖ ಬಿಳಿಚಿತು. ಹಿಂದಿನಿಂದ ಅವರ ಸೊಂಟ ಹಿಡಿದುಕೊಂಡೆ.

"ಸಾಕು ಅಪ್ಪಾ. ಇಲ್ಲಿವರೆಗೆ ಬಂದದ್ದೇ ದೊಡ್ಡದು. ಇಳಿಯುವ."

ಅವರು ಕೂತರು. ನೀರು ಕುಡಿದರು. ಮಗಳು ಅವರ ಎದುರು ಕುಕ್ಕರುಗಾಲಿನಲ್ಲಿ ಕೂತು, ಮುಖ ಗಂಭೀರ ಮಾಡಿಕೊಂಡು, ಆ ಫಿಜಿಯೋ ಹುಡುಗಿಯ ದನಿಯಲ್ಲೇ ಕೇಳಿದಳು.

"ಕಾಯ್ ಆಜೋಬಾ, ಗುಡಘೆ?"

ಅಪ್ಪನ ಸೊಟ್ಟ ಬಾಯಿ ಇನ್ನಷ್ಟು ಸೊಟ್ಟಗಾಯಿತು. ನಗು. ಎಷ್ಟು ತಿಂಗಳಾಗಿತ್ತು ಆ ನಗು ನೋಡಿ. ಕೋಲೆತ್ತಿ ಮೇಲಕ್ಕೆ ತೋರಿಸಿ, "ಗುಡ್ಡೆ" ಎಂದರು. ಎದ್ದು ನಿಂತರು.

ಗುಡಿಯವರೆಗೆ ಹತ್ತಿದರು. ಅಲ್ಲಿಂದ ಮೇಲಿನ ನಮ್ಮ ಬಂಡೆಗೆ ಕಾಲುದಾರಿ ಹತ್ತುವುದು ಅವರಿಂದ ಆಗುತ್ತಿರಲಿಲ್ಲ, ಅದು ಅವರಿಗೂ ಗೊತ್ತಿತ್ತು. ಗುಡಿಯ ಕಟ್ಟೆಯ ಹತ್ತಿರ ಕೋಲನ್ನು ನನ್ನ ಕೈಗೆ ಕೊಟ್ಟು, ಎಡಗೈಯಿಂದ ಅಂಗಿಯ ಗುಂಡಿ ಬಿಚ್ಚಿದರು. ಎಡಗೈ ಅಗಲಿಸಿದರು. ಬಲಗೈ ಏಳಲಿಲ್ಲ. ಮಗಳು ಹೋಗಿ ಅದನ್ನು ಎತ್ತಿ ಹಿಡಿದಳು. ಅಪ್ಪ ಕಣ್ಣು ಮುಚ್ಚಿ ಗಾಳಿಗೆ ನಿಂತರು. ಕೆಳಗೆ ಒಂದು ಸ್ಲೋ ಗಾಡಿ ಖಾಡಿಯ ಪಕ್ಕ ಹೋಯಿತು.

ಆಮೇಲೆ ಅಪ್ಪ ಎರಡು ವರ್ಷ ಇದ್ದರು. ಇನ್ನೂ ಆರು ಸಲ ಹತ್ತಿದರು. ಮುಂದಿನ ಸಲಕ್ಕೆ ನೀಲಿ ಶೂ ಒರೆಸಿ ಇಟ್ಟಿದ್ದ ವಾರದಲ್ಲಿ, ಬೆಳಗಿನ ಚಹಾ ಕುಡಿದು ಲೋಟ ಕೆಳಗಿಟ್ಟವರು ಮತ್ತೆ ಕೈ ಎತ್ತಲಿಲ್ಲ. ಆ ಶೂ ನಾನು ಯಾರಿಗೂ ಕೊಟ್ಟಿಲ್ಲ. ಪಾತ್ರೆಯವಳು ಕೆಳಗೆ ಕೂಗಿದರೆ ಕಿಟಕಿ ಹಾಕಿಕೊಳ್ಳುತ್ತೇನೆ.

ಅವರು ಹೋದ ಮೇಲೆ ನಾನು ಆ ಕಡೆ ತಲೆ ಹಾಕಿರಲಿಲ್ಲ. ಆಫೀಸು, ಮನೆ, ಅಮ್ಮನ ಔಷಧಿ ಎಂದು ಕಾರಣಗಳಿಗೇನು ಬರ. ಮೈ ಬಂತು, ಮಂಡಿ ಹಿಡಿಯಿತು. ಸುಳ್ಳಲ್ಲ, ನಿಜವಾಗಿಯೇ ಮಂಡಿ. ಕಳೆದ ತಿಂಗಳು ಮಗಳೇ ಎಳೆದುಕೊಂಡು ಮೂಳೆ ಡಾಕ್ಟರ ಹತ್ತಿರ ಹೋದಳು. ಅವಳೀಗ ಕಾಲೇಜು. ಡಾಕ್ಟರು ಎಕ್ಸ್‌ರೇ ಬೆಳಕಿಗೆ ಹಿಡಿದು, ತಲೆ ಎತ್ತದೆ, "ಕುಠೇ ದುಖತಂಯ್?" ಎಂದು ಕೇಳಿದರು. ಎಲ್ಲಿ ನೋಯುತ್ತದೆ ಎಂದು.

ನನ್ನ ಬಾಯಿಂದ ಬಂದದ್ದು, "ಗುಡ್ಡೆ".

"ಗುಡಘೆ?" ಡಾಕ್ಟರು ತಿದ್ದಿದರು.

ತಲೆಯಾಡಿಸಿದರೆ ಮುಗಿಯುತ್ತಿತ್ತು, ಆಡಿಸಲಾಗಲಿಲ್ಲ. ಮಗಳು ಪಕ್ಕದ ಕುರ್ಚಿಯಿಂದ ನನ್ನನ್ನು ನೋಡಿದಳು. ಆಮೇಲೆ ಡಾಕ್ಟರ ಕಡೆ ತಿರುಗಿ, "ನಾಹೀ ಡಾಕ್ಟರ್, ಆಈಲಾ ಡೋಂಗರಾವರ್ ಜಾಯಚಂಯ್" ಎಂದಳು. ಅಲ್ಲ ಡಾಕ್ಟರೇ, ಅಮ್ಮನಿಗೆ ಗುಡ್ಡ ಹತ್ತಬೇಕು.

ಡಾಕ್ಟರು ಎಕ್ಸ್‌ರೇ ಕೆಳಗಿಟ್ಟು ಇಬ್ಬರನ್ನೂ ನೋಡಿದರು. ನಿಧಾನ ಹತ್ತಿ, ಕೋಲು ಇರಲಿ ಎಂದರು. ಮೆಟ್ಟಿಲು ಎಷ್ಟಿವೆ ಎಂದು ಕೇಳಿದರು.

ಎಣಿಸಿಲ್ಲ ಎಂದೆ.

ಮುಂದಿನ ಮಂಗಳವಾರ ಆಫೀಸಿಗೆ ಹೊಟ್ಟೆನೋವು ಎಂದು ಮೆಸೇಜ್ ಹಾಕಿ, ಡಬ್ಬಿಗೆ ಚಿತ್ರಾನ್ನ ತುಂಬಿಕೊಂಡು, ನಾವಿಬ್ಬರೂ ಸ್ಲೋ ಗಾಡಿ ಹತ್ತಿದೆವು.